ಅಂಕೋರ್ ವಾಟ್‌ನಲ್ಲಿ ತಲಾ ನಾಲ್ಕು ನಿಮಿಷ

ಹಾಸನ ಸೀಮೆಯ 22 ಮಕ್ಕಳು ಕಾಂಬೋಡಿಯಾಕ್ಕೆ ಶಾಲಾ ಪ್ರವಾಸ ಹೋದರು. ಅಲ್ಲಿ ಗೈಡ್ ಹೇಳಿದ್ದನ್ನು ಕೇಳಿಕೊಂಡು ಬರಲಿಲ್ಲ, ತಾವೇ ಗೈಡ್ ಆಗುವುದನ್ನು ಕಲಿತು ಬಂದರು. ಜೊತೆಗೆ ಹೋಗಿದ್ದ ತಾಯಿಯೊಬ್ಬಳ ಬರಹ.

"ಎಲ್ರೂ ನನ್ನ ಮುಖ ನೋಡ್ಬೇಡಿ. ಕೆಳಗಡೆ ಮೀನು ನೋಡಿ."

ಒಂಬತ್ತನೇ ತರಗತಿಯ ಹುಡುಗಿ ಮಾತು ಶುರು ಮಾಡಿದ್ದು ಹೀಗೆ. ಬೆಳಗ್ಗೆ ಎಂಟೂವರೆ ಗಂಟೆ. ಅಂಕೋರ್ ವಾಟ್ ದೇವಾಲಯದ ಪೂರ್ವದ ಮೊಗಸಾಲೆಯಲ್ಲಿ ಎಳೆಬಿಸಿಲು ಕಂಬಗಳ ನಡುವಿನಿಂದ ಒಳಗೆ ಬಿದ್ದಿತ್ತು. ಎದುರಿನ ಗೋಡೆಯ ಮೇಲೆ 49 ಮೀಟರ್ ಉದ್ದಕ್ಕೆ ಸಮುದ್ರ ಮಥನ. ಒಂದು ಕಡೆ ವಾಸುಕಿಯನ್ನು ಹಿಡಿದು ಎಳೆಯುವ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಟ್ಟನಡುವೆ ವಿಷ್ಣು, ಅವನ ಕೆಳಗೆ ಆಮೆ. ನಾನಾಗಿದ್ದರೆ ವಿಷ್ಣುವಿನಿಂದಲೇ ಹೇಳಲು ಶುರು ಮಾಡುತ್ತಿದ್ದೆ. ಅವಳು ಗೋಡೆಯ ತಳದಲ್ಲಿ ಕೆತ್ತಿರುವ ಸಮುದ್ರಕ್ಕೆ ಕೈ ತೋರಿಸಿದಳು. ಮಂದರ ಪರ್ವತದಿಂದ ದೂರದಲ್ಲಿ ಮೀನುಗಳೂ ಮೊಸಳೆಗಳೂ ಇಡಿ ಇಡಿಯಾಗಿ ಈಜುತ್ತಿವೆ. ಪರ್ವತದ ಹತ್ತಿರ ಬರುತ್ತಾ ಬರುತ್ತಾ ಅವು ತುಂಡಾಗಿವೆ: ತಲೆ ಒಂದು ಕಡೆ, ಬಾಲ ಒಂದು ಕಡೆ.

"ಅಜ್ಜಿ ಮಜ್ಜಿಗೆ ಕಡಿಯೋದು ನೋಡಿದೀರಲ್ಲ? ಪಾತ್ರೆ ಅಂಚಲ್ಲಿ ಮೆತ್ತಗಿರತ್ತೆ, ಕಡಗೋಲಿನ ಹತ್ರ ಜೋರು. ಆ ಜೋರಿಗೆ ಸಿಕ್ಕಿ ಮೀನು ಕತ್ತರಿಸಿ ಹೋಗಿದಾವೆ. ಕೆತ್ತಿದವನಿಗೆ ಇದು ಗೊತ್ತಿತ್ತು."

ಆಮೇಲೆ ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದು ಅರ್ಧ ನಿಮಿಷ ಸುಮ್ಮನೆ ನಿಂತಳು. 21 ಮಕ್ಕಳು ಬಗ್ಗಿ, ಕೂತು, ಒಬ್ಬರ ಹೆಗಲ ಮೇಲೆ ಒಬ್ಬರು ವಾಲಿ ಮೀನು ಹುಡುಕಿದರು. ಗೈಡ್ ಆದವಳು ಯಾವಾಗ ಮಾತು ನಿಲ್ಲಿಸಬೇಕು ಎನ್ನುವುದನ್ನು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಇಷ್ಟು ಚೆನ್ನಾಗಿ ತಿಳಿದಿದ್ದಳು. ನನ್ನ ಕಣ್ಣು ಒದ್ದೆಯಾಗಿದ್ದು ಅವಳು ನನ್ನ ಮಗಳು ಅಂತಲ್ಲ. ನನ್ನ ಮಗಳ ಸರದಿ ಇನ್ನೂ ಬಂದಿರಲಿಲ್ಲ.

ಈ ಪ್ರವಾಸದ ಕಲ್ಪನೆ ಮಕ್ಕಳ ಸಮಾಜ ವಿಜ್ಞಾನದ ಮೇಡಂ ಅವರದು. ವಿದೇಶ ಪ್ರವಾಸ ಅಂದರೆ ಮಾಲು, ರೋಲರ್ ಕೋಸ್ಟರ್, ಚಾಕೊಲೇಟ್ ಪೊಟ್ಟಣ ಅಂತಾಗಿರುವ ಕಾಲದಲ್ಲಿ ಅವರು ಪೋಷಕರ ಸಭೆ ಕರೆದು ಒಂದೇ ಮಾತು ಹೇಳಿದ್ದರು: "ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನನ ಕಾಲದಲ್ಲೇ ಸಮುದ್ರದಾಚೆ ಇನ್ನೊಬ್ಬ ರಾಜ ವಿಷ್ಣುವಿಗೆ ಅಷ್ಟು ದೊಡ್ಡ ಗುಡಿ ಕಟ್ಟಿಸ್ತಾ ಇದ್ದ. ನಮ್ಮ ಮಕ್ಕಳು ಅದನ್ನ ನೋಡ್ಕೊಂಡು ಬರೋದಲ್ಲ, ಅದನ್ನ ನಾಲ್ಕು ಜನಕ್ಕೆ ತೋರಿಸೋಕೆ ಕಲಿತು ಬರಲಿ."

ಒಂದೊಂದು ಮಗುವಿಗೆ ಒಂದೊಂದು ಜಾಗ ಹಂಚಲಾಯಿತು. ತಲಾ ನಾಲ್ಕು ನಿಮಿಷ. ಕೈಯಲ್ಲಿ ಕಾಗದ ಇರಬಾರದು. ಮೊದಲು ತೋರಿಸಬೇಕು, ಆಮೇಲೆ ಹೇಳಬೇಕು. ಪುಸ್ತಕದಲ್ಲಿ ಓದಿದ್ದು ಎಷ್ಟಾದರೂ ಇರಲಿ, ಅಲ್ಲಿಗೆ ಹೋಗಿ ಸ್ವಂತ ಕಣ್ಣಿಂದ ಕಂಡ ಒಂದು ಸಂಗತಿ, ಆ ಊರಿನವರನ್ನೇ ಕೇಳಿ ತಿಳಿದ ಒಂದು ಸಂಗತಿ ಮಾತಿನಲ್ಲಿ ಇರಲೇಬೇಕು. ಈ ಕೊನೆಯ ಷರತ್ತಿನ ಬೆಲೆ ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ತಾಲೀಮು ನಡೆದದ್ದು ಹಳೇಬೀಡಿನಲ್ಲಿ. ಅಕ್ಟೋಬರ್‌ನ ಎರಡು ಭಾನುವಾರ ಮಕ್ಕಳು ಹೊಯ್ಸಳೇಶ್ವರನ ಗುಡಿ ಸುತ್ತಿದರು. ಅಲ್ಲಿ ಎಷ್ಟೋ ವರ್ಷದಿಂದ ಗೈಡ್ ಆಗಿರುವ ಹಿರಿಯರೊಬ್ಬರು ಕಾಸು ಬೇಡವೆಂದು ಜೊತೆಗೆ ನಡೆದು ತಮ್ಮ ಕಸುಬಿನ ಗುಟ್ಟು ಹೇಳಿಕೊಟ್ಟರು. ನೀನು ಬಿಸಿಲಿಗೆ ಮುಖ ಕೊಟ್ಟು ನಿಲ್ಲು, ಜನ ಬಿಸಿಲಿಗೆ ಬೆನ್ನು ಹಾಕಿ ನಿಲ್ಲಲಿ, ಆಗ ಅವರ ಕಣ್ಣು ಕಲ್ಲಿನ ಮೇಲಿರುತ್ತದೆ. ಕೊನೆಯವನು ಬಂದು ಸೇರುವವರೆಗೆ ಬಾಯಿ ತೆರೆಯಬೇಡ. ಇಸವಿ ಒಂದು ಸಾಕು, ಎರಡನೆಯದು ಯಾರಿಗೂ ನೆನಪಿರುವುದಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಸುಳ್ಳು ಹೇಳಿದರೆ ಗುಂಪಿನಲ್ಲಿ ಒಬ್ಬನಾದರೂ ಹಿಡಿಯುತ್ತಾನೆ. ಚಕ್ರವ್ಯೂಹದ ಕೆತ್ತನೆಯ ಮುಂದೆ ನಿಂತು ಅವರು ಹೇಳಿದ ಇನ್ನೊಂದು ಮಾತನ್ನು ಮಗಳು ಡೈರಿಯಲ್ಲಿ ಬರೆದುಕೊಂಡಿದ್ದಾಳೆ: "ಅಭಿಮನ್ಯು ಒಳಗೆ ಹೋದ ಹಾಗೆ ನೀವೂ ಮಾತಿನೊಳಗೆ ಹೋಗಿಬಿಡ್ತೀರಿ. ಹೊರಗೆ ಬರೋ ದಾರಿ ಮೊದಲೇ ಕಲ್ತಿರಿ."

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಯೆಮ್ ರೀಪ್. ಅಲ್ಲಿ ನಮ್ಮನ್ನು ಎದುರುಗೊಂಡವರು ಸರ್ಕಾರದ ಪರವಾನಗಿ ಪಡೆದ ಖ್ಮೇರ್ ಗೈಡ್, ನಲವತ್ತರ ಆಸುಪಾಸಿನವರು. "ನನ್ನನ್ನು ಸರ್ ಅನ್ನಬೇಡಿ, ಬಾಂಗ್ ಅನ್ನಿ" ಎಂದರು. ಖ್ಮೇರ್ ಭಾಷೆಯಲ್ಲಿ ಬಾಂಗ್ ಅಂದರೆ ಅಣ್ಣ. ಅಕ್ಕನಿಗೂ ಅದೇ ಮಾತು. ಮೊದಲ ದಿನ ಬಸ್ಸಿನಲ್ಲೇ ಅವರು ಮಕ್ಕಳಿಗೆ ಎರಡು ಪದ ಕಲಿಸಿದರು. ನಮಸ್ಕಾರಕ್ಕೆ 'ಸುವಸ್ತೇಯ್'. ಅದರಲ್ಲಿ ನಮ್ಮ ಸ್ವಸ್ತಿ ಇದೆ. ಧನ್ಯವಾದಕ್ಕೆ 'ಅರ್ ಕುನ್'. ಆ ಕುನ್ ನಮ್ಮ ಗುಣವೇ. ಅಂಕೋರ್ ಎಂಬ ಹೆಸರೇ ನಗರ ಎಂಬ ಮಾತಿನಿಂದ ಬಂದದ್ದು. ದಾರಿಬದಿಯ ಅಂಗಡಿಯಲ್ಲಿ ತೂಗುಹಾಕಿದ್ದ ಅಕ್ಷರಮಾಲೆಯ ಪಟವನ್ನು ಬಾಂಗ್ ಓದಿ ತೋರಿಸಿದಾಗ ಮಕ್ಕಳು ಹೋ ಎಂದರು. ಆ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದದ್ದು. ಅಕ್ಷರಗಳ ಸಾಲೂ ನಮ್ಮ ಕಾಗುಣಿತದವರಿಗೆ ಗುರುತು ಸಿಗುವಂಥದ್ದು. ಗುಡಿಗಳನ್ನು ನೋಡಲು ಮೂರು ದಿನದ ಪಾಸಿಗೆ 62 ಡಾಲರ್, ಅದರ ಮೇಲೆ ಅವರವರದೇ ಫೋಟೊ. ಪ್ರತಿ ಟಿಕೆಟ್ಟಿನಿಂದ ಎರಡು ಡಾಲರ್ ಅಲ್ಲಿನ ಮಕ್ಕಳಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ಕಂಥಾ ಬೋಫಾ ಆಸ್ಪತ್ರೆಗೆ ಹೋಗುತ್ತದೆ ಎಂದು ಕೇಳಿ, ದುಬಾರಿಯಾಯಿತು ಎಂದು ಗೊಣಗಿದ್ದ ಹುಡುಗ ಸುಮ್ಮನಾದ.

ಇಷ್ಟು ನೆಂಟಸ್ತನ ಕಂಡ ಮೇಲೆ ಮಕ್ಕಳಿಗೆ ಏನನ್ನಿಸಬೇಕು? ಇದೆಲ್ಲ ನಮ್ಮದೇ ಅನ್ನಿಸಿತು. ನನಗೂ ಹಾಗೇ ಅನ್ನಿಸಿತ್ತು. ಪಶ್ಚಿಮದ ಮೊಗಸಾಲೆಯಲ್ಲಿ ಕುರುಕ್ಷೇತ್ರ: ಶರಮಂಚದ ಮೇಲೆ ಭೀಷ್ಮ, ಅರ್ಜುನನ ರಥದಲ್ಲಿ ಕೃಷ್ಣ. ಪಕ್ಕದಲ್ಲಿ ನಿಂತ ಬೇರೆ ದೇಶದ ಪ್ರವಾಸಿಗರು ಪುಸ್ತಕ ತೆರೆದು ಯಾರು ಯಾರೆಂದು ಹುಡುಕುತ್ತಿದ್ದರೆ ನಮ್ಮ ಮಕ್ಕಳು ಓಡೋಡಿ ಹೋಗಿ ಹೆಸರು ಕೂಗುತ್ತಿದ್ದರು. ದಕ್ಷಿಣದ ಗೋಡೆಯಲ್ಲಿ ಯಮ, ಅವನ ಲೆಕ್ಕಪತ್ರದ ಚಿತ್ರಗುಪ್ತ, 32 ನರಕಗಳು. ಅದನ್ನೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಕ್ಕಳ ಮಾತಿನಲ್ಲಿ ಒಂಥರಾ ಯಜಮಾನಿಕೆ ಬಂತು. ಬಾಂಗ್ ಒಂದು ಹೆಜ್ಜೆ ಹಿಂದೆ ನಿಂತು ಕೈಕಟ್ಟಿ ಕೇಳುತ್ತಿದ್ದರು.

ಎಡವಿದ್ದು ಲಂಕೆಯ ಯುದ್ಧದ ಮುಂದೆ.

ಆ ಜಾಗ ಸಿಕ್ಕಿದ್ದು ಯಕ್ಷಗಾನ ಕಲಿಯುವ ಹುಡುಗನಿಗೆ. ಗಂಟಲು ಚೆನ್ನಾಗಿದೆ, ಹೆದರಿಕೆ ಎಂಬುದಿಲ್ಲ. ಗೋಡೆಯ ಮೇಲೆ ಹನುಮಂತನ ಹೆಗಲೇರಿ ಬಿಲ್ಲು ಹಿಡಿದ ರಾಮ, ಹಿಂದೆ ಲಕ್ಷ್ಮಣ ಮತ್ತು ವಿಭೀಷಣ, ಎದುರಿಗೆ ಹತ್ತು ತಲೆ ಇಪ್ಪತ್ತು ಕೈಯ ರಾವಣ. ಹುಡುಗ ಅರ್ಥಧಾರಿಯ ಠೀವಿಯಲ್ಲಿ ಹನುಮಂತನನ್ನು ಬಣ್ಣಿಸಿದ: ಆಜನ್ಮ ಬ್ರಹ್ಮಚಾರಿ, ಹೆಣ್ಣಿನ ನೆರಳೂ ಸೋಕದವನು. ಷರತ್ತಿನ ಪ್ರಕಾರ ಊರಿನವರನ್ನು ಕೇಳಬೇಕಲ್ಲ, ಬಾಂಗ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ "ನಿಮ್ಮಲ್ಲೂ ಹೀಗೇ ತಾನೆ?" ಎಂದ.

ಬಾಂಗ್ ಮುಗುಳ್ನಕ್ಕು ಕಥೆ ಹೇಳಿದರು. ಖ್ಮೇರರ ರಾಮಾಯಣದ ಹೆಸರು ರಿಯಾಮ್‌ಕೇರ್. ಅದರಲ್ಲಿ ಸೇತುವೆಯ ಕಲ್ಲುಗಳು ರಾತ್ರೋರಾತ್ರಿ ಕಾಣೆಯಾಗುತ್ತವೆ. ಕದಿಯುತ್ತಿರುವವಳು ರಾವಣನ ಮಗಳು, ಸೊವನ್ ಮಚ್ಛಾ ಎಂಬ ಮತ್ಸ್ಯಕನ್ಯೆ. ಹಿಡಿಯಲು ನೀರಿಗೆ ಧುಮುಕಿದ ಹನುಮಂತ ಅವಳಿಗೇ ಮನಸೋಲುತ್ತಾನೆ, ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ಆ ಪ್ರಸಂಗವನ್ನು ಕಾಂಬೋಡಿಯಾದಲ್ಲಿ ಇವತ್ತಿಗೂ ಕುಣಿಯುತ್ತಾರೆ, ಮಕ್ಕಳಿಗೆ ಅದು ಅಚ್ಚುಮೆಚ್ಚು.

ಮಕ್ಕಳು ಗೊಳ್ಳೆಂದು ನಕ್ಕರು. ಹಿಂದಿನಿಂದ ಒಬ್ಬ ಕನ್ನಡದಲ್ಲೇ "ಇವ್ರಿಗೆ ಕಥೆ ಸರಿಯಾಗಿ ಗೊತ್ತಿಲ್ಲ" ಎಂದ. ಬಾಂಗ್‌ಗೆ ಕನ್ನಡ ಬರುವುದಿಲ್ಲ. ನಗು ಯಾವ ಬಗೆಯದು ಎಂದು ತಿಳಿಯಲು ಭಾಷೆ ಬರಬೇಕೆಂದೇನೂ ಇಲ್ಲ. ಅವರ ಮುಖ ಒಂದು ಗಳಿಗೆ ಬಿಗಿದುಕೊಂಡಿತು, ಮತ್ತೆ ಸಡಿಲವಾಯಿತು. "ನೆಕ್ಸ್ಟ್?" ಎಂದು ಮುಂದೆ ನಡೆದರು. ನನಗೆ ತಲೆ ಎತ್ತಲಾಗಲಿಲ್ಲ. ಒಬ್ಬ ಮನುಷ್ಯನ ಮನೆಯಂಗಳದಲ್ಲಿ ನಿಂತು ಅವನ ತಾಯಿ ಹೇಳಿದ ಕಥೆಗೆ ನಾವು ನಕ್ಕಿದ್ದೆವು.

ಮೇಡಂ ಅಲ್ಲಿ ಬೈಯಲಿಲ್ಲ. ರಾತ್ರಿ ಊಟವಾದ ಮೇಲೆ ಹೋಟೆಲಿನ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಾಗಚಂದ್ರನ ವಿಷಯ ತೆಗೆದರು. ಅಂಕೋರ್ ವಾಟ್ ಏಳುತ್ತಿದ್ದ ಕಾಲದ ಆಸುಪಾಸಿನಲ್ಲೇ ಕನ್ನಡದಲ್ಲಿ ರಾಮಚಂದ್ರಚರಿತ ಪುರಾಣ ಬರೆದ ಜೈನ ಕವಿ. ಆ ಕಾವ್ಯವನ್ನು ಪಂಪ ರಾಮಾಯಣ ಎಂದೂ ಕರೆಯುತ್ತೇವೆ. ಅದರಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. "ನಾಗಚಂದ್ರನಿಗೂ ಕಥೆ ಸರಿಯಾಗಿ ಗೊತ್ತಿರ್ಲಿಲ್ವೇನೋ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. "ನಾಳೆ ಗೈಡ್ ಆಗಿ ನಿಲ್ಲೋರು ಒಂದು ಯೋಚನೆ ಮಾಡಿ. ಹಳೇಬೀಡಲ್ಲಿ ನೀವು ಮನೆಯೋರು. ಇಲ್ಲಿ ನೆಂಟರು. ನೆಂಟ ಆದೋನು ಮನೆಯೋರ ಮಾತು ಕೇಳಿ ಆಮೇಲೆ ಮಾತಾಡ್ತಾನೆ."

ನಾನು ಹೇಳಬೇಕೆಂದಿರುವುದೂ ಇದನ್ನೇ. ಗೈಡ್ ಆಗುವುದು ಅಂದರೆ ವಿಷಯ ಗಟ್ಟಿ ಮಾಡಿ ಒಪ್ಪಿಸುವುದು ಎಂದು ನಾವು ತಿಳಿದಿದ್ದೇವೆ. ಕೇಳುವುದು ಅದಕ್ಕಿಂತ ಮೊದಲಿನ ಕೆಲಸ, ಪರದೇಶದಲ್ಲಂತೂ ಅರ್ಧಕ್ಕಿಂತ ಹೆಚ್ಚಿನ ಕೆಲಸ. ಮರುದಿನ ಬೆಳಗ್ಗೆ ಯಕ್ಷಗಾನದ ಹುಡುಗ ತಾನಾಗಿಯೇ ಬಾಂಗ್ ಬಳಿ ಹೋಗಿ ಕೈಮುಗಿದ. "ಬಾಂಗ್, ನಿನ್ನೆ ನಾನು ಹೇಳಿದ್ದು ಅರ್ಧ. ಇನ್ನೊಂದ್ಸಲ ಹೇಳಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಗುಂಪು ಮತ್ತೆ ಅದೇ ಗೋಡೆಯ ಮುಂದೆ ಬಂತು. ಈ ಸಲ ಹುಡುಗ ನಮ್ಮೂರ ಹನುಮಂತನನ್ನು ಎರಡು ನಿಮಿಷ, ಅವರೂರ ಹನುಮಂತನನ್ನು ಎರಡು ನಿಮಿಷ ಹೇಳಿದ. ಸೊವನ್ ಮಚ್ಛಾಳ ಹೆಸರು ತಪ್ಪಿದಾಗ ಬಾಂಗ್ ತಿದ್ದಿದರು, ಅವನು ಮೂರು ಸಲ ಹೇಳಿ ಸರಿ ಮಾಡಿಕೊಂಡ. ಈ ಬಾರಿಯೂ ಮಕ್ಕಳು ನಕ್ಕರು, ಆದರೆ ಮತ್ಸ್ಯಕನ್ಯೆಯ ಮುಂದೆ ತಬ್ಬಿಬ್ಬಾದ ಹನುಮಂತನನ್ನು ಅವನು ಕುಣಿದು ತೋರಿಸಿದ್ದಕ್ಕೆ. ಬಾಂಗ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ಹೊತ್ತಿಗೆ ಇನ್ನೊಂದು ಘಟನೆ ನಡೆಯಿತು. ಭಾರತದವರೇ ಒಂದು ಕುಟುಂಬ ನಮ್ಮ ಗುಂಪಿನ ಪಕ್ಕ ನಿಂತು ಹುಡುಗನ ಮಾತು ಕೇಳಿತ್ತು. ಕನ್ನಡ ಅರ್ಥವಾಗದಿದ್ದರೂ ಅವನ ಹಾವಭಾವ ಮೆಚ್ಚಿ ಆ ಯಜಮಾನರು ಐದು ಡಾಲರ್ ನೋಟು ಚಾಚಿ, ಹಿಂದಿಯಲ್ಲಿ ತಮಗೂ ಒಂದು ಸುತ್ತು ತೋರಿಸು ಎಂದರು. ಹುಡುಗನ ಮುಖ ಅರಳಿತು. ಬಾಂಗ್ ಮೆಲ್ಲಗೆ ನಡುವೆ ಬಂದು ತಮ್ಮ ಕೊರಳಿನ ಗುರುತಿನ ಚೀಟಿ ತೋರಿಸಿದರು. ಕಾಂಬೋಡಿಯಾದಲ್ಲಿ ಪರವಾನಗಿ ಇಲ್ಲದವರು ಪ್ರವಾಸಿಗರಿಗೆ ಗೈಡ್ ಕೆಲಸ ಮಾಡುವಂತಿಲ್ಲ. ಸ್ವಂತ ತರಗತಿಗೆ ಪಾಠ ಹೇಳುವುದು ಬೇರೆ, ಕಾಸಿಗೆ ತೋರಿಸುವುದು ಬೇರೆ. ಓದಿ, ಪರೀಕ್ಷೆ ಕೊಟ್ಟು ಪಡೆದ ಆ ಚೀಟಿ ಅವರ ಮನೆಯ ಅನ್ನ. ಕೊರೊನಾ ಕಾಲದಲ್ಲಿ ಪ್ರವಾಸಿಗರು ನಿಂತುಹೋದಾಗ ಅವರು ತೋಟದ ಕೂಲಿಗೆ ಹೋಗಿದ್ದರಂತೆ. ಹುಡುಗ ನೋಟನ್ನು ಹಿಂದಕ್ಕೆ ಕೊಟ್ಟ. ಆ ಕುಟುಂಬ ಮಧ್ಯಾಹ್ನ ಬೇರೊಬ್ಬ ಖ್ಮೇರ್ ಗೈಡ್ ಜೊತೆ ಹೋಗುವುದನ್ನು ನಾವೆಲ್ಲ ಕಂಡೆವು.

ನನ್ನ ಮಗಳಿಗೆ ಸಿಕ್ಕಿದ್ದು ಪಶ್ಚಿಮ ಗೋಪುರದ ಎಂಟು ಕೈಯ ವಿಷ್ಣು. ಮೂರು ತಿಂಗಳಿಂದ ಮನೆಯಲ್ಲಿ ಶಂಖ, ಚಕ್ರ, ಗದೆ ಎಂದು ಕನ್ನಡಿ ಮುಂದೆ ಒಪ್ಪಿಸುತ್ತಿದ್ದಳು. ಅಲ್ಲಿ ಹೋದರೆ ಮೂರ್ತಿಗೆ ಹೊಳೆಯುವ ಬಟ್ಟೆ ಉಡಿಸಿ, ಮುಂದೆ ಊದುಬತ್ತಿ ಹಚ್ಚಿ, ಅಜ್ಜಿಯೊಬ್ಬರು ಮಂಡಿಯೂರಿ ಕೂತಿದ್ದರು. ಅಂಕೋರ್ ವಾಟ್ ವಿಷ್ಣುವಿನ ಗುಡಿಯಾಗಿ ಹುಟ್ಟಿದ್ದು ಹೌದು. ಆಮೇಲಿನ ಎಷ್ಟೋ ಶತಮಾನಗಳಿಂದ ಅದು ಬೌದ್ಧರ ಪೂಜಾಸ್ಥಳ. ಊರವರು ಆ ಮೂರ್ತಿಯನ್ನು ತಾ ರಿಯಾಚ್ ಎನ್ನುತ್ತಾರೆ. ತಾ ಎಂದರೆ ತಾತ, ರಿಯಾಚ್ ಎಂದರೆ ರಾಜ. ಆ ಜಾಗವನ್ನು ಕಾಯುವ ಹಿರಿಯ ಅವನು. ಮಗಳು ಗುಂಪನ್ನು ಹತ್ತು ಮಾರು ದೂರ ನಿಲ್ಲಿಸಿದಳು. ಅಜ್ಜಿ ಎದ್ದು ಹೋಗುವವರೆಗೆ ಒಂದು ಮಾತೂ ಆಡಲಿಲ್ಲ. ನಾಲ್ಕು ನಿಮಿಷದಲ್ಲಿ ಎರಡೂವರೆ ಹಾಗೇ ಕಳೆಯಿತು. ಉಳಿದದ್ದರಲ್ಲಿ ಶಂಖ ಚಕ್ರ ಬಿಟ್ಟು ತಾತನ ವಿಷಯ ಹೇಳಿದಳು.

ಮಕ್ಕಳು ಗಮನಿಸಿದ ಇನ್ನೊಂದು ಸಂಗತಿ ದೊಡ್ಡವರಾದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಉಬ್ಬುಶಿಲ್ಪಗಳ ಸಾಲನ್ನು ನೋಡುತ್ತಾ ಹೋದರೆ ಗರ್ಭಗುಡಿ ಎಡಗೈಗೆ ಬರುತ್ತದೆ, ಅಂದರೆ ಅಪ್ರದಕ್ಷಿಣೆ. ದೇವಾಲಯದ ಮುಖವೂ ಪಶ್ಚಿಮಕ್ಕೆ. ರಾಜನ ಅಂತ್ಯಸಂಸ್ಕಾರಕ್ಕೂ ಇದಕ್ಕೂ ನಂಟಿರಬೇಕೆಂದು ಕೆಲವು ವಿದ್ವಾಂಸರು, ವಿಷ್ಣುವಿಗೆ ಪಶ್ಚಿಮ ಸಲ್ಲುವುದರಿಂದ ಹೀಗೆಂದು ಇನ್ನು ಕೆಲವರು. ಬಾಂಗ್ ಎರಡನ್ನೂ ಹೇಳಿ ಅಲ್ಲಿಗೇ ಬಿಟ್ಟರು. ಕಲ್ಲೂ ಬೇರೆ ಬೇರೆ. ಹಳೇಬೀಡಿನದು ಬಳಪದ ಕಲ್ಲು, ಮೆದು, ಆಳಕ್ಕೆ ಕೊರೆಯಬಹುದು. ಅಂಕೋರಿನದು ಮರಳುಗಲ್ಲು, ಕುಲೆನ್ ಬೆಟ್ಟದ ಬುಡದಿಂದ ತಂದದ್ದು. ಅಲ್ಲಿ ಕೆತ್ತನೆ ತೆಳು, ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಎದ್ದು ಕಾಣುತ್ತದೆ. ಸಮುದ್ರ ಮಥನ ಬೆಳಗ್ಗೆ, ಕುರುಕ್ಷೇತ್ರ ಮಧ್ಯಾಹ್ನದ ಮೇಲೆ ಎಂದು ಮಕ್ಕಳೇ ವೇಳಾಪಟ್ಟಿ ತಿದ್ದಿದ್ದು ಈ ಕಾರಣಕ್ಕೆ. ನಮ್ಮ ಪುರಾತತ್ವ ಇಲಾಖೆಯವರು 1986ರಿಂದ 1993ರವರೆಗೆ ಅಂಕೋರ್ ವಾಟ್‌ನಲ್ಲಿ ದುರಸ್ತಿ ಕೆಲಸ ಮಾಡಿದ್ದರು ಎಂಬುದೂ ಒಬ್ಬಳ ಮಾತಿನಲ್ಲಿ ಬಂತು. ಬೇರುಗಳು ಗೋಡೆಯನ್ನು ತಬ್ಬಿರುವ ತಾ ಪ್ರೋಮ್ ಗುಡಿಯಲ್ಲಂತೂ ಅವರ ಕೆಲಸದ ಫಲಕವನ್ನು ಓದಿ ಮಕ್ಕಳು ಚಪ್ಪಾಳೆ ತಟ್ಟಿದರು.

ಬಾಯೋನ್ ದೇವಾಲಯದ ಗೋಡೆಗಳ ಬಗ್ಗೆ ಎಷ್ಟು ಬರೆದರೂ ಸಾಲದು. ಗೋಪುರಗಳ ಮೇಲಿನ ಮುಗುಳ್ನಗೆಯ ಮುಖಗಳನ್ನು ನೋಡಲು ಜನ ಮೇಲೆ ಹತ್ತುತ್ತಾರೆ. ಮೇಡಂ ಮಕ್ಕಳನ್ನು ಕೆಳಗಿನ ಗೋಡೆಗೆ ಕರೆದುಕೊಂಡು ಹೋದರು. ಏಳನೇ ಜಯವರ್ಮನ ಕಾಲದ ಸಂತೆ ಅಲ್ಲಿದೆ. ಮೀನು ಮಾರುವವಳು, ಕೋಳಿ ಕಾಳಗಕ್ಕೆ ಪಣ ಕಟ್ಟುವವರು, ಅಡುಗೆ ಮಾಡುವವರು. ಚೀನಾದಿಂದ 1296ರಲ್ಲಿ ಬಂದು ಸುಮಾರು ಒಂದು ವರ್ಷ ಇದ್ದ ಝೌ ದಾಗ್ವಾನ್ ಬರೆದಿಟ್ಟಿದ್ದಾನೆ, ಇಲ್ಲಿ ವ್ಯಾಪಾರ ಮಾಡುವವರು ಹೆಂಗಸರು ಎಂದು. ಆ ಗೋಡೆ ಸಿಕ್ಕಿದ್ದ ಹುಡುಗಿಯ ತಾಯಿ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಅವಳ ಖರ್ಚನ್ನು ಉಳಿದ ಪೋಷಕರು ಸೇರಿ ಹಾಕಿದ್ದೆವು. ಅವಳು ತಕ್ಕಡಿ ಹಿಡಿದ ಹೆಂಗಸನ್ನು ತೋರಿಸಿ, "ಇವಳು ತೂಕ ಮಾಡ್ತಾ ಗಿರಾಕಿ ಮುಖ ನೋಡ್ತಿಲ್ಲ, ಮುಳ್ಳು ನೋಡ್ತಿದಾಳೆ. ನಮ್ಮಮ್ಮನೂ ಹಾಗೇ" ಎಂದಳು. ಬಾಂಗ್ ಅದನ್ನು ಇಂಗ್ಲಿಷಿನಲ್ಲಿ ಕೇಳಿ ತಿಳಿದು ತಮ್ಮ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಇನ್ನು ಮುಂದೆ ನಾನೂ ಇದನ್ನು ಹೇಳುತ್ತೇನೆ, ಹಾಸನದ ಹುಡುಗಿ ತೋರಿಸಿದ್ದು ಎಂದೇ ಹೇಳುತ್ತೇನೆ ಎಂದರು.

ಕೊನೆಯ ಸಂಜೆ ಒಬ್ಬ ಹುಡುಗ ಕೇಳಿದ, "ಬಾಂಗ್, ಇಷ್ಟೆಲ್ಲ ನಿಮಗೆ ಹೇಳಿಕೊಟ್ಟ ಮೇಷ್ಟ್ರು ಯಾರು?" ಅವರು ತಮ್ಮ ಅಮ್ಮ ಎಂದರು. ಊರಿನಲ್ಲಿ ಕಲಿಸುವ ಮೇಷ್ಟ್ರುಗಳು ಉಳಿದಿರಲಿಲ್ಲ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರೆಂದು ಅಂದಾಜು. ಓದಿದವರು, ಭಿಕ್ಷುಗಳು, ನರ್ತಕರು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಕಥೆ ಬಲ್ಲವರೇ ಹೋದ ನಾಡಿನಲ್ಲಿ ಉಳಿದ ಕಥೆಗಳು ಇವು. ಹುಡುಗ ಮುಂದಿನ ಪ್ರಶ್ನೆ ಕೇಳಲಿಲ್ಲ. ಹತ್ತಿರ ಹೋಗಿ ಪಕ್ಕದಲ್ಲಿ ಕೂತ.

ಊರಿಗೆ ಬಂದ ಮೇಲೆ ಫೆಬ್ರವರಿಯ ಒಂದು ಶನಿವಾರ ಇದೇ ಮಕ್ಕಳು ಹಳೇಬೀಡಿನಲ್ಲಿ ಸರ್ಕಾರಿ ಶಾಲೆಯ ಏಳನೇ ತರಗತಿಯವರನ್ನು ಕರೆದುಕೊಂಡು ಗುಡಿ ತೋರಿಸಿದರು. ಕೈಲಾಸ ಎತ್ತುವ ರಾವಣನ ಮುಂದೆ ನಿಂತ ಹುಡುಗಿ, ಇದೇ ಪ್ರಸಂಗ ಕಾಂಬೋಡಿಯಾದ ಬಾಂತಿಯಾಯ್ ಸ್ರೇಯ್ ಗುಡಿಯಲ್ಲೂ ಇದೆ, ಅದು 967ರದು, ನಮ್ಮದಕ್ಕಿಂತ ಹಳೆಯದು ಎಂದಳು. ಆ ಹಿರಿಯ ಗೈಡ್ ದೂರದಲ್ಲಿ ನಿಂತು ಕೇಳುತ್ತಿದ್ದರು. ಒಂದೇ ಇಸವಿ ಹೇಳಿದ್ದಕ್ಕೆ ತಲೆದೂಗಿದರು.

ಎಲ್ಲ ಶಾಲೆಗಳೂ ಕಾಂಬೋಡಿಯಾಕ್ಕೆ ಹೋಗಲಾರವು, ಹೋಗಬೇಕಾಗಿಯೂ ಇಲ್ಲ. ಬಾದಾಮಿಗೋ ಶ್ರವಣಬೆಳಗೊಳಕ್ಕೋ ಹಂಪಿಗೋ ಬಸ್ಸು ಹೊರಡುವುದು ಡಿಸೆಂಬರ್‌ನಲ್ಲಿ. ಮೇಷ್ಟ್ರುಗಳೇ, ಮೇಡಂಗಳೇ, ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಬ್ಬೊಬ್ಬ ಮಗುವಿಗೆ ಒಂದೊಂದು ಕಲ್ಲನ್ನು ಈಗಲೇ ಹಂಚಿಬಿಡಿ. ತಯಾರಿಗೆ ಮೂರು ತಿಂಗಳು ಬೇಕು.